ಚಳಿಗಾಲದಲ್ಲಿ ಯಾರೂ ಇರಕೂಡದು

ನಮ್ಮ ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಮೂರಿವೆ, ಓಡುವುದು ಮಾತ್ರ ಎರಡೇ. ಹಾಗಾಗಿ ಸಂಜೆ ಆರರ ಪಾಳಿಯವರು ಗೋಡೆ ಬದಿಯ ಬೆಂಚಿನ ಮೇಲೆ, ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಕಾಯುವುದು ವಾಡಿಕೆ. ಕೋಪನ್‌ಹೇಗನ್ನಿನ ದಕ್ಷಿಣ ಬಂದರಿನ ಈ ಕೇರಿಗೆ ನಾನು ಬಂದು ಮೂರು ವರ್ಷವಾಯಿತು. ಯಾರು ಸತ್ತರು, ಯಾರು ಮನೆ ಬಿಟ್ಟರು, ಯಾವ ಹೆಂಡದಂಗಡಿ ಮುಚ್ಚಿ ಅಲ್ಲಿ ಯಾವ ಕಾಫಿ ಅಂಗಡಿ ಬಂತು ಎಂಬುದನ್ನೆಲ್ಲ ಆ ಬೆಂಚಿನ ಮೇಲೆ ಕೂತೇ ತಿಳಿದುಕೊಂಡೆ.

ಅಂದು ಅಕ್ಟೋಬರ್ ಒಂದನೇ ತಾರೀಕು. ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ನೆಲಮಾಳಿಗೆಯ ಸಣ್ಣ ಕಿಟಕಿಯಲ್ಲಿ ಬೀದಿಯಲ್ಲಿ ಹೋಗುವವರ ಒದ್ದೆ ಬೂಟುಗಳಷ್ಟೇ ಕಾಣುತ್ತಿದ್ದವು. ಬುಟ್ಟಿಯನ್ನು ಮಧ್ಯಾಹ್ನವೇ ಇಲ್ಲಿ ಇಟ್ಟು ಹೋಗಿದ್ದರಿಂದ, ನಾನು ಕೆಲಸ ಮುಗಿಸಿ ಮನೆಗೆ ಹತ್ತದೆ ನೇರ ಇಲ್ಲಿಗೇ ಇಳಿದಿದ್ದೆ. ಪಕ್ಕದಲ್ಲಿ ಬಸ್ ಡ್ರೈವರ್ ಇದ್ರಿಸ್, ಬೆಂಚಿನ ಆಚೆ ತುದಿಯಲ್ಲಿ ನಾಲ್ಕನೇ ಮಹಡಿಯ ಟೋವಜ್ಜಿ. ಎಂಬತ್ತರ ಹತ್ತಿರದ ಈ ಮುದುಕಿಯ ಮಂಡಿ ಸವೆದಿವೆ, ನಾಲಿಗೆ ಸವೆದಿಲ್ಲ.

ಆಗ ಬಾಗಿಲು ತಳ್ಳಿಕೊಂಡು ಎದುರಿನ ಹೊಸ ಕಟ್ಟಡದ ಅಮಾಲಿಯಾ ಬಂದಳು. ಆರನೇ ಮಹಡಿಯವಳು, ಕೈಗೂಸಿನ ತಾಯಿ. ಒಂದು ಕೈಯಲ್ಲಿ ಮಗುವಿನ ಬಟ್ಟೆಯ ಚೀಲ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ.

"ನಿಮ್ಮ ಮೆಷಿನ್‌ನಲ್ಲಿ ಒಂದು ಸಲ ಹಾಕಿ ನೋಡ್ಲಾ?" ಎಂದಳು. "ನಮ್ಮನೇಲಿ ಎಷ್ಟು ಒಗೆದ್ರೂ ಹೊಗೆ ವಾಸನೆ ಹೋಗ್ತಿಲ್ಲ. ಹೋದ ಚಳಿಗಾಲ ಪೂರ್ತಿ ಹೀಗೇ ಇತ್ತು, ಬೇಸಿಗೇಲಿ ನಿಂತಿತ್ತು, ಇವತ್ತು ಬೆಳಗ್ಗೆಯಿಂದ ಮತ್ತೆ ಶುರು. ನಮ್ಮ ತಲೆ ಮೇಲಿನ ಅಟ್ಟದಲ್ಲಿ ಯಾರೋ ಕದ್ದು ಸೇರ್ಕೊಂಡು ಒಲೆ ಹಚ್ತಿದ್ದಾರೆ." ಆಮೇಲೆ ನನ್ನ ಕಡೆ ತಿರುಗಿ ಕಾಗದ ಎತ್ತಿ ತೋರಿಸಿದಳು. "ಸಹಿ ಹಾಕಿದ್ದಕ್ಕೆ ಥ್ಯಾಂಕ್ಸ್ ಕಣ್ರೀ. ನೀವೇ ಮೊದಲನೆಯವರು."

ಹೌದು, ಮಧ್ಯಾಹ್ನ ಹನ್ನೆರಡಕ್ಕೆ ಅವಳು ನನ್ನ ಬಾಗಿಲಿಗೆ ಬಂದಿದ್ದಳು. ಅಟ್ಟದ ಕಿಟಕಿಯಲ್ಲಿ ಹೊಗೆ ಕಂಡಿದ್ದೀರಾ, ಚಳಿಗಾಲದಲ್ಲಿ ಅಲ್ಲಿ ಯಾರಾದರೂ ಇರುತ್ತಾರೆಯೇ ಎಂದು ಆ ಕಾಗದ ಕೇಳುತ್ತಿತ್ತು. ಹೊಗೆ ಕಂಡಿದ್ದೆ, ಹೌದೆಂದು ಬರೆದೆ. ಅವರ ಕಟ್ಟಡದ ಸೈಕಲ್ ಕೋಣೆಯಲ್ಲಿ ನನಗೊಂದು ಒಣ ಜಾಗ ಕೊಡಿಸುತ್ತೇನೆಂದು ಅವಳು ಹೇಳಿದ್ದೂ ನಿಜ.

ಟೋವಜ್ಜಿ ಮಡಚುತ್ತಿದ್ದ ಟವೆಲನ್ನು ಮಡಿಲಲ್ಲೇ ಬಿಟ್ಟು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಕೂತ್ಕೋ ಅಮಾಲಿಯಾ," ಎಂದಳು. "ಮೆಷಿನ್ ನಿಲ್ಲೋಕೆ ಇನ್ನೂ ನಲವತ್ತು ನಿಮಿಷ ಇದೆ. ನಿನ್ನ ಅಟ್ಟದವನ ಕತೆ ನಾನು ಹೇಳ್ತೀನಿ."

"ಶುರುವಾಯ್ತಪ್ಪ," ಎಂದ ಇದ್ರಿಸ್. ಆದರೆ ಏಳಲಿಲ್ಲ.

"ನಿಮ್ಮ ಕಟ್ಟಡ ನಿಂತಿದೆಯಲ್ಲ, ಆಗ ಅಲ್ಲಿ ಇದ್ದದ್ದು ಇಪ್ಪತ್ತು ತೋಟ. ಒಂದೊಂದು ತೋಟಕ್ಕೂ ಒಂದು ಮರದ ಗುಡಿಸಲು, ಒಂದೆರಡು ಸೇಬಿನ ಮರ, ಒಂದು ಬಾವುಟದ ಕಂಬ. ಬೇಸಿಗೇಲಿ ಬಂದು ಇರಬಹುದು, ಆಲೂಗೆಡ್ಡೆ ಬೆಳ್ಕೋಬಹುದು, ಆದರೆ ಅಕ್ಟೋಬರ್ ಒಂದರಿಂದ ಮಾರ್ಚ್ ಮುಗಿಯೋವರೆಗೂ ಅಲ್ಲಿ ಯಾರೂ ಮಲಗಕೂಡದು, ಅದು ಕಾನೂನು. ಎಗೊನ್ ಮಲಗ್ತಿದ್ದ. ಹಡಗುಕಟ್ಟೇಲಿ ನಲವತ್ತು ವರ್ಷ ಉಕ್ಕಿನ ತಗಡು ಜೋಡಿಸಿದವನು, ಹೆಂಡತಿ ಹೋದ ಮೇಲೆ ಇದ್ದ ಮನೆ ಬಿಟ್ಟು ಬಂದು ಆ ಗುಡಿಸಲಲ್ಲೇ ಚಳಿಗಾಲಾನೂ ಕಳೀತಿದ್ದ. ಕೇರಿಗೆಲ್ಲ ಗೊತ್ತು. ಅವನ ಹೊಗೆಕೊಳವೆ ಎಲ್ಲರ ಅಡುಗೆಮನೆ ಕಿಟಕಿಗೂ ಕಾಣೋದು. ಯಾರಾದ್ರೂ ಬಾಯಿ ಬಿಟ್ರಾ? ಇಲ್ಲ ಕಣ್ರೋ... ಹದಿನಾಲ್ಕು ಚಳಿಗಾಲ ಒಬ್ಬರೂ ಬಿಡಲಿಲ್ಲ. ಆಗ ಕೇರಿ ಅಂದ್ರೆ ಅದು.

"ಆಮೇಲೆ ಕಟ್ಟಡ ಕಟ್ಟೋ ಕಂಪನಿ ಬಂತು. ಉಳಿದವರೆಲ್ಲ ಒಬ್ಬೊಬ್ಬರಾಗಿ ಜಾಗ ಬಿಟ್ರು, ಎಗೊನ್ ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಅವನನ್ನ ಎಬ್ಬಿಸೋಕೆ ಇದ್ದದ್ದು ಒಂದೇ ದಾರಿ, ಕಾನೂನು ಮುರಿದಿದ್ದಾನೆ ಅಂತ ತೋರಿಸೋದು. ಒಂದಿನ ಕಂಪನಿಯವನೊಬ್ಬ ಕೊಡೆ ಹಿಡ್ಕೊಂಡು, ಕಾಗದ ಹಿಡ್ಕೊಂಡು ನನ್ನ ಬಾಗಿಲಿಗೆ ಬಂದ, ನಿನ್ನ ಹಾಗೇ ನಗುಮುಖದವನು. 'ನಾಲ್ಕೇ ಮಹಡಿ ಕಟ್ತೀವಮ್ಮ, ನಿಮ್ಮ ಅಂಗಳದ ಬಿಸಿಲು ಎಲ್ಲೂ ಹೋಗಲ್ಲ, ನೆರೆಯವರು ಅಂತ ನಿಮ್ಮ ಕಟ್ಟಡಕ್ಕೊಂದು ಲಿಫ್ಟೂ ಹಾಕಿಸ್ಕೊಡ್ತೀವಿ' ಅಂದ. ಲಿಫ್ಟು! ನನ್ನ ಮಂಡಿ ಆಗಲೇ ಮುಷ್ಕರ ಹೂಡಿದ್ವು. ಆಮೇಲೆ ಮೆಲ್ಲಗೆ ಕೇಳಿದ, 'ಆ ಗುಡಿಸಲಲ್ಲಿ ಚಳಿಗಾಲದಲ್ಲಿ ಯಾರಾದ್ರೂ ಇರ್ತಾರಾ?' ... ನಾನೇನು ಸುಳ್ಳು ಹೇಳಿದೆನಾ? ಇಲ್ಲ. ಹೊಗೆ ಬರ್ತದೆ ಅಂದೆ. ಸಹಿ ಹಾಕಿದೆ. ಕಂಡದ್ದನ್ನ ಕಂಡ ಹಾಗೆ ಹೇಳಿ ಒಬ್ಬ ಮನುಷ್ಯನ ಸೂರು ಕಿತ್ತೆ."

"ಲಿಫ್ಟ್ ಎಲ್ಲಜ್ಜಿ?" ಎಂದ ಇದ್ರಿಸ್, ಗೊತ್ತಿದ್ದೂ.

"ದಿನಾ ಅದರಲ್ಲೇ ಅಲ್ವೇನಪ್ಪ ನಾನು ಓಡಾಡೋದು, ಮೆಟ್ಟಿಲ ಕಂಬಿ ಹಿಡ್ಕೊಂಡು, ಉಸ್ಸಪ್ಪಾ ಅಂದ್ಕೊಂಡು. ಸುಮ್ನೆ ಕೇಳು.

"ಎಗೊನ್‌ಗೆ ಊರಾಚೆ ಒಂದು ಕೋಣೆ ಕೊಟ್ರು. ಅವನು ಅಲ್ಲಿಂದ ದಿನಾ ಬಸ್ ಹತ್ತಿ ಬರೋನು. ಕೆಲಸದ ಜಾಗಕ್ಕೆ ಹಾಕಿದ ಹಲಗೆ ಬೇಲೀಲಿ ಒಂದು ತೂತಿತ್ತು. ನಾವು ನೆರೆಯವರೆಲ್ಲ ಮಡಚೋ ಕುರ್ಚಿ ತಗೊಂಡು, ಫ್ಲಾಸ್ಕಲ್ಲಿ ಕಾಫಿ ತಗೊಂಡು ಹೋಗಿ ಸರದಿ ಪ್ರಕಾರ ಅದಕ್ಕೆ ಕಣ್ಣಿಟ್ಟು ನೋಡೋದು, ಗುಂಡಿ ತೋಡಿದ್ದು, ಗುಂಡೀಲಿ ನೀರು ಬಂದದ್ದು, ಕಂಬ ಬಡಿದದ್ದು, ಕ್ರೇನ್ ಎದ್ದು ನಿಂತದ್ದು... ನಮಗೆ ಬೇರೇನು ಕೆಲಸ ಹೇಳಿ? ಎಗೊನ್‌ದೇ ದೊಡ್ಡ ಬಾಯಿ. 'ಆ ಕ್ರೇನ್ ಕಾಲೂರಿದೆಯಲ್ಲ, ಅದು ನನ್ನ ಕಕ್ಕಸಿನ ಗುಂಡಿ, ಬುನಾದಿ ಭದ್ರ ಬಿಡಿ' ಅನ್ನೋನು, ನಾವು ಹೊಟ್ಟೆ ಹಿಡ್ಕೊಂಡು ನಗೋದು. ನಾಲ್ಕನೇ ಮಹಡಿ ಆಯ್ತು... ನಿಲ್ಲಲಿಲ್ಲ. ಐದು ಆಯ್ತು, ಆರೂ ಆಯ್ತು. ಅವತ್ತು ನಮ್ಮ ಅಂಗಳ ಬಿಟ್ಟುಹೋದ ಬಿಸಿಲು ಇವತ್ತಿಗೂ ತಿರುಗಿ ಬಂದಿಲ್ಲ. ದಿನಾ ಮೂರು ಗಂಟೆಗೆ ಸರಿಯಾಗಿ ಎಗೊನ್ ನಾಲ್ಕು ಮಹಡಿ ಹತ್ತಿ ನನ್ನ ಮನೆಗೆ ಬಂದು, ಆ ಬೂದು ಬಣ್ಣದ ಉಣ್ಣೆ ಕೋಟನ್ನ ಬಾಗಿಲ ಹಿಂದಿನ ಕೊಕ್ಕೆಗೆ ಹಾಕಿ, 'ಟೋವಾ, ಕಾಫಿ ಇದೆಯಾ?' ಅನ್ನೋನು. ಬಾಯಿ ಬಿಟ್ಟವಳು ನಾನೇ ಅಂತ ಅವನಿಗೆ ಗೊತ್ತಿತ್ತಾ? ... ಇವತ್ತಿಗೂ ನನಗೆ ಗೊತ್ತಿಲ್ಲ. ಒಂದಿನಾನೂ ಕೇಳಲಿಲ್ಲ. ಕೇಳಿ, ನಾಲ್ಕು ಬೈದು ಹೋಗಿದ್ರೆ ಎಷ್ಟೋ ಚೆನ್ನಾಗಿತ್ತು.

"ಅವನಿಗಿದ್ದದ್ದು ಒಂದೇ ಆಸೆ, ಸೂರಿನ ಊಟ. ಮಾಡಿನ ತೊಲೆ ಏರಿದ ದಿನ ತುದಿಗೆ ಹಸಿರು ಹಾರ ಕಟ್ಟಿ, ಕಟ್ಟಿಸಿದವನು ಕೆಲಸದವರಿಗೂ ನೆರೆಯವರಿಗೂ ಕೆಂಪು ಸಾಸೇಜು, ಬಿಯರು ಕೊಡಬೇಕು, ಎಲ್ಲರೂ ಒಂದೇ ಮೇಜಿಗೆ ಕೂರಬೇಕು. 'ಅವತ್ತು ನಾನೂ ಕೂರ್ತೀನಿ ಕಣೇ, ನೆರೆಯವನು ಅಂತ ಅಲ್ಲ, ಜಾಗದವನು ಅಂತ. ಒಂದೇ ಒಂದು ಸಾಸೇಜು ತಿಂದು ಎದ್ದು ಹೋಗ್ತೀನಿ, ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗಲ್ಲ' ಅಂದಿದ್ದ. ಅಷ್ಟೇ ಅವನು ಕೇಳಿದ್ದು. ಮನೆ ಕೇಳಲಿಲ್ಲ, ಮರ ಕೇಳಲಿಲ್ಲ... ಒಂದು ಊಟಕ್ಕೆ ಜಾಗ.

"ಫೆಬ್ರವರೀಲಿ ಒಂದಿನ ಆ ಕೋಟಿನ ಒಳಬಟ್ಟೆ ಹರಿದದ್ದು ಕಂಡು, 'ಬಿಟ್ಟು ಹೋಗೋ, ಹೊಲಿದಿಡ್ತೀನಿ' ಅಂತ ನನ್ನ ಸತ್ತ ಗಂಡನ ತೆಳು ಜಾಕೀಟು ಹಾಕಿ ಕಳಿಸಿದೆ. ಪಾಪ ತೊಳ್ಕೊಳ್ಳೋಕೆ ಸೂಜಿ ಹಿಡಿದವಳು ನಾನು. ನಾಳೆ ಹೊಲೀತೀನಿ, ನಾಡಿದ್ದು ಹೊಲೀತೀನಿ ಅಂತ ಮೂರು ದಿನ ತಳ್ಳಿದೆ. ಆ ಮೂರೂ ದಿನ ಅವನು ಅದೇ ಜಾಕೀಟಲ್ಲಿ, ಬಂದರಿನ ಗಾಳೀಲಿ, ಬೇಲಿ ತೂತಿಗೆ ಕಣ್ಣಿಟ್ಕೊಂಡು ನಿಂತ. ನಾಲ್ಕನೇ ದಿನ ಬರಲಿಲ್ಲ... ನ್ಯುಮೋನಿಯಾ ಆಗಿ ಹೋದ ಅಂದ್ರು."

ಯಂತ್ರ ಸದ್ದು ಮಾಡುತ್ತ ನೀರು ಬದಲಾಯಿಸಿತು. ಅಜ್ಜಿ ಮಡಿಲಲ್ಲಿದ್ದ ಟವೆಲನ್ನು ಮಡಚಿ ಬುಟ್ಟಿಗೆ ಹಾಕಿದಳು.

"ಮೇ ತಿಂಗಳಲ್ಲಿ ತೊಲೆ ಏರಿತು. ಊಟ? ಕೆಲಸದ ಜಾಗದಲ್ಲಿ ಬಿಯರ್ ಕೂಡದು ಅಂತ ಕಂಪನಿಯವನು ಒಂದು ಬುಟ್ಟಿ ಬಾಳೆಹಣ್ಣು ಕಳಿಸಿದ. ಬಾಳೆಹಣ್ಣು! ಬಡಗಿಗಳಿಗೆ ಮೈಯೆಲ್ಲ ಉರಿದುಹೋಯ್ತು. ಊಟ ಹಾಕದ ಜಿಪುಣನ ಮಾಡಿನ ಮೇಲೆ ಹಾರದ ಬದಲು ಒಣಹುಲ್ಲು ತುಂಬಿದ ಬೆದರುಬೊಂಬೆ, ಬೆರ್ಚಪ್ಪನ್ನ, ಕಟ್ಟೋದು ಅವರ ಪದ್ಧತಿ, ಒಡೆಯ ಮಣಿದು ಊಟ ಹಾಕೋವರೆಗೂ ಅದನ್ನ ಯಾರೂ ಇಳಿಸೋ ಹಾಗಿಲ್ಲ. ಬಡಗಿಗಳ ಮೇಸ್ತ್ರಿ ಪ್ರೆಬೆನ್ ಹಳೇ ಬಟ್ಟೆ ಕೇಳ್ಕೊಂಡು ನಮ್ಮ ಮೆಟ್ಟಿಲು ಹತ್ತಿದ. ನಾನು ಕೊಕ್ಕೆಯಿಂದ ಆ ಕೋಟು ತೆಗೆದುಕೊಟ್ಟೆ. 'ಯಾರದಮ್ಮಾ ಇದು? ಸತ್ತವರದಾದ್ರೆ ಬೇಡ, ಬೆರ್ಚಪ್ಪನಿಗೆ ತೊಡಿಸಕೂಡದು' ಅಂದ. ಯಾರದೂ ಅಲ್ಲ ಅಂದೆ. ಕೇಳಿಸ್ಕೊಂಡ್ರಾ? ಸುಳ್ಳು ಹೇಳಬೇಕಾದಾಗ ಸತ್ಯ ಹೇಳಿದೆ, ಸತ್ಯ ಹೇಳಬೇಕಾದಾಗ ಸುಳ್ಳು ಹೇಳಿದೆ. ಕಂಪನಿ ಮಾನ ಹೋಗ್ಲಿ ಅಂತ ಕೊಟ್ಟೆ ಅಂತ ಕೇರಿಗೆಲ್ಲ ಹೇಳ್ಕೊಂಡು ಬಂದೆ. ಅದು ನನ್ನ ಕಣ್ಣೆದುರಿಂದ ತೊಲಗಿದ್ರೆ ಸಾಕಾಗಿತ್ತು ನನಗೆ.

"ಕಟ್ಟುವಾಗ ಅದರ ಮುಖ ಕಾಲುವೆ ಕಡೆ ಇತ್ತು. ಮಾರನೇ ದಿನ ನೋಡಿದ್ರೆ ನನ್ನ ಅಡುಗೆಮನೆ ಕಡೆ. ಗಾಳಿ ಅಂದ್ಕೊಂಡೆ. ಪ್ರೆಬೆನ್ ಹತ್ತಿ ಹೋಗಿ ತಿರುಗಿಸಿ, ತಂತಿ ಬಿಗಿದು ಬಂದ. ಬೆಳಗಾದ್ರೆ ಮತ್ತೆ ನನ್ನ ಕಡೆಗೇ... ಕಂಪನಿಯವನು ಬಂದ, ನಕ್ಕ, ಫೋಟೋ ತಗೊಂಡ, ಹೋದ. ಊಟ ಹಾಕಲಿಲ್ಲ. ಮಾಡು ಮುಚ್ಚೋ ದಿನ ನೋಡಿದ್ರೆ ಬೆರ್ಚಪ್ಪ ಇಲ್ಲ. 'ಊಟ ಆಗದೆ ಇಳಿಸೋಕೆ ನಮಗೇನು ಹುಚ್ಚಾ?' ಅಂತ ಪ್ರೆಬೆನ್ ಆಣೆ ಇಟ್ಟ. ತಂತಿ ಬಿಗಿದದ್ದು ಬಿಗಿದ ಹಾಗೇ ಇತ್ತು, ಅದರೊಳಗೆ ಇದ್ದವನು ಇರಲಿಲ್ಲ.

"ಮರುವರ್ಷ ಬೇಸಿಗೇಲಿ ಜನ ಬಂದು ಸೇರಿದ್ರು. ಅಕ್ಟೋಬರ್ ಒಂದನೇ ತಾರೀಕು ಬಂತು... ಬೆಳಗ್ಗೆ ಎದ್ದು ನೋಡ್ತೀನಿ, ನಿಮ್ಮ ಅಟ್ಟದ ಕಿಟಕಿಯಿಂದ ಹೊಗೆ. ಒಲೆ ಇಲ್ಲದ, ಕೊಳವೆ ಇಲ್ಲದ ಕಟ್ಟಡದಲ್ಲಿ ಕಟ್ಟಿಗೆ ಹೊಗೆ! ಮೂರು ಗಂಟೆಗೆ ಅಂಗಡಿಯಿಂದ ಬಂದು ಮನೆ ಬೀಗ ತೆಗೀತೀನಿ, ಬಾಗಿಲ ಹಿಂದಿನ ಕೊಕ್ಕೆ ಮೇಲೆ ಆ ಕೋಟು. ತೊಟತೊಟ ನೀರು ಸೋರ್ತಿದೆ, ತೋಳಿನ ತುಂಬ ಒಣಹುಲ್ಲು."

"ಕಿತ್ತು ಬಿಸಾಕೋದಲ್ವಾ?" ಎಂದಳು ಅಮಾಲಿಯಾ. ನಗಲು ನೋಡಿದಳು, ಆಗಲಿಲ್ಲ. ಮಗುವಿನ ಬಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು.

"ಬಿಸಾಕಲಿಲ್ಲ ಅಂದ್ಕೊಂಡ್ಯಾ? ಕಾಲುವೆಗೆ ಹಾಕಿದೆ, ಹಳೇ ಬಟ್ಟೆ ಅಂಗಡಿಗೆ ಕೊಟ್ಟೆ, ಬೆಳಗಾದ್ರೆ ಮತ್ತೆ ಕೊಕ್ಕೆ ಮೇಲೇ. ಒಂದು ಸಲ ಕೂತು ಆ ಒಳಬಟ್ಟೇನೂ ಹೊಲಿದೆ. ಹೊಲಿಗೆ ಸಂಜೆಗೆ ಬಿಚ್ಚಿರೋದು. ಮಾರ್ಚ್ ಮುಗಿದ ದಿನ ತಾನಾಗೇ ಹೋಗ್ತದೆ, ಅಕ್ಟೋಬರ್ ಒಂದಕ್ಕೆ ಮೂರು ಗಂಟೆಗೆ ತಾನಾಗೇ ಬರ್ತದೆ. ಎಲ್ಲಿ ಯಾವ ತಿಂಗಳು ಇರಕೂಡದು ಅಂದ್ರೋ, ಅಲ್ಲೇ ಅದೇ ತಿಂಗಳು ಇರ್ತಾನೆ ಅವನು. ನಿಮ್ಮ ಕಟ್ಟಡದವರ ಕಾಲಿಗೆ ಬೀಳೋದೊಂದು ಬಾಕಿ, ಈಗಲಾದ್ರೂ ಒಂದು ಮೇಜು ಹಾಕಿ, ನಾಲ್ಕು ಸಾಸೇಜು ಬೇಯಿಸಿ, ಹಾಕದೇ ಹೋದ ಊಟ ಹಾಕಿ ಅಂತ ಕೇಳಿದೆ. ಅವರು ಸಭೆ ಮಾಡಿ, ಅಂಥದ್ದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ ಅಂತ ಚಂದದ ಕಾಗದ ಬರೆದ್ರು. ಹನ್ನೊಂದು ಚಳಿಗಾಲ ಆಯ್ತು... ದಿನಾ ಮೂರು ಗಂಟೆಗೆ ಎರಡು ಬಟ್ಟಲು ಕಾಫಿ ಇಡ್ತೀನಿ. ಒಂದು ನಾನು ಕುಡೀತೀನಿ. ಇನ್ನೊಂದೂ ಖಾಲಿಯಾಗಿರ್ತದೆ."

ಯಂತ್ರ ನಿಂತಿತು. ಯಾರೂ ಏಳಲಿಲ್ಲ.

"ಈ ಕಾಗದ ನಾಳೆ ನಮ್ಮ ಕಟ್ಟಡದ ಕಚೇರಿಗೆ ಕೊಡಬೇಕಿತ್ತು," ಎಂದಳು ಅಮಾಲಿಯಾ ಮೆಲ್ಲಗೆ. "ಹರಿದು ಹಾಕ್ಲಾ ಅಜ್ಜಿ?"

"ಹರಿದ್ರೂ ಅಷ್ಟೇ, ಕೊಟ್ರೂ ಅಷ್ಟೇ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು."

ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. "ನಾನು ಯಾರ ಹೆಸರೂ ಹೇಳಿಲ್ಲ, ಟೋವಜ್ಜಿ," ಎಂದೆ. "ಕಂಡದ್ದನ್ನಷ್ಟೇ ಬರೆದೆ."

"ನಾನೂ ಅಷ್ಟೇ ಮಾಡಿದ್ದು, ಮಗಾ." ಅವಳು ಬುಟ್ಟಿಯ ಮೇಲೆ ಕೈಯೂರಿ ಒಂದೊಂದೇ ಮಂಡಿಯನ್ನು ನೆಟ್ಟಗೆ ಮಾಡಿಕೊಂಡು ಎದ್ದಳು. "ಇವತ್ತೂ ಮೂರು ಗಂಟೆಗೆ ಎರಡು ಬಟ್ಟಲು ಇಟ್ಟು ಕೂತಿದ್ದೆ. ನಾಲ್ಕಾಯ್ತು, ಐದಾಯ್ತು... ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಅಕ್ಟೋಬರ್ ಒಂದಕ್ಕೆ ನನ್ನ ಕೊಕ್ಕೆ ಖಾಲಿ. ಇದೇನಪ್ಪ ಅಂತ ತಲೆ ಕೆಡಿಸ್ಕೊಂಡು ಇಲ್ಲಿಗೆ ಇಳಿದೆ, ಇವಳು ನಿನಗೆ ಥ್ಯಾಂಕ್ಸ್ ಹೇಳಿದಳು ನೋಡು, ಆಗ ಗೊತ್ತಾಯ್ತು. ನೀನಿನ್ನೂ ಮನೆಗೆ ಹೋಗಿಲ್ಲ, ಅಲ್ವಾ? ... ಹೋಗು. ಬಾಗಿಲ ಹಿಂದೆ ನೆಲ ಒದ್ದೆ ಇರ್ತದೆ, ಜಾರಬೇಡ. ಮೂರು ಗಂಟೆಯಿಂದ ಕಾಯ್ತಿದ್ದಾನೆ, ಮೊದಲು ಕಾಫಿ ಇಡು. ಅವನಿಗೆ ಸಕ್ಕರೆ ಮೂರು ಚಮಚ."