ಫೋಟೋಕ್ಕೆ ಅಡ್ಡ ನಿಂತವನು

ಕತ್ತಲೆಗೆ ಹೆದರೋ ವಂಶವಲ್ಲ ನಮ್ಮದು. ಹಾವನ್ನು ಕಾಲಲ್ಲಿ ಸರಿಸಿ ನಡೆದವರು ನಾವು. ಆದರೂ ನನ್ನ ಅತ್ತೆ ಮಗ ಆ ರಾತ್ರಿ ಹಾಳುಬಾವಿ ದಾಟಿ ಮನೆಗೆ ಬಂದದ್ದು ಹೇಗೆ ಅಂತ ಮೊದಲು ಕೇಳಿ. ಆಮೇಲೆ ಬೇಕಾದರೆ ನಗಿ.

ಅವನು ಫೋಟೋದವನು. ಮದುವೆ ಗಿದುವೆ ಮುಟ್ಟುವುದಿಲ್ಲ. ಹೊಸ ಕಾಂಕ್ರೀಟ್ ಕಟ್ಟಡಗಳು ಮಾತ್ರ, ಅದೂ ಕಪ್ಪು-ಬಿಳುಪು ರೀಲಿನಲ್ಲಿ. ನಾವು ಅವನನ್ನು ಗೋಡೆಪ್ಪ ಅಂತಲೇ ಕರೆಯುವುದು. ಹೆಣ್ಣು ಹುಡುಕಿ ಸುಸ್ತಾದ ಅತ್ತೆ, ಒಂದು ಗೋಡೆಯನ್ನೇ ಕಟ್ಟಿಕೋ ಅಂತ ಚುಚ್ಚುತ್ತಿದ್ದಳು. ಅವನ ಚಿತ್ರದಲ್ಲಿ ನರಪಿಳ್ಳೆ ಇರಬಾರದು. ಸಂಜೆ ಮಬ್ಬಿನಲ್ಲಿ ಕ್ಯಾಮೆರಾದ ಕಣ್ಣು ನಿಮಿಷಗಟ್ಟಲೆ ತೆರೆದಿಡುತ್ತಾನೆ. ಓಡಾಡುವವರು ರೀಲಿನಲ್ಲಿ ಮೂಡುವುದೇ ಇಲ್ಲ, ನಿಂತವರು ಮೂಡುತ್ತಾರೆ. ಅದಕ್ಕೇ ನಿಂತವರನ್ನು ಕಂಡರೆ ಅವನಿಗಾಗದು.

ಆ ರಾತ್ರಿ ಕ್ಯಾಮೆರಾ ಸ್ಟ್ಯಾಂಡ್ ಹೆಗಲಿಗೇರಿಸಿ ಬರುತ್ತಿದ್ದ. ಬಾವಿಯ ಹತ್ತಿರ ಹಿಂದಿನಿಂದ ಸದ್ದು... ಚರ್... ಚರ್... ಕಾಂಕ್ರೀಟಿನ ಮೇಲೆ ರಬ್ಬರ್ ಚಪ್ಪಲಿ ಎಳೆದ ಹಾಗೆ. ಕಾಲಡಿ ಇದ್ದದ್ದು ಬರೀ ಮಣ್ಣು. ಇವನು ನಿಂತ. ಅದೂ ನಿಂತಿತು.

"ಸಾರ್... ಇನ್ನೂ ಹಿಂದೆ ಹೋಗ್ಲಾ?"

ಪಿಸುದನಿ. ಯಾರದೆಂದು ಗೋಡೆಪ್ಪನಿಗೆ ಗೊತ್ತಿತ್ತು.

ಹೋದ ತಿಂಗಳ ಮಾತು. ಹೊಸ ಗ್ರಂಥಾಲಯದ ಫೋಟೋ ತೆಗೆಯುವಾಗ ಮೂರನೇ ಮಹಡಿಯಲ್ಲಿ ಕಂಬಿಗೆ ಬಣ್ಣ ಹೊಡೆಯುವವನೊಬ್ಬ ನಿಂತಿದ್ದ. ಹಿಂದೆ ಸರಿ ಅಂತ ಇವನು ಕೈಬೀಸಿದ. ಬಡಪಾಯಿ ಸರಿದ. ಇನ್ನೂ ಹಿಂದೆ ಹೋಗ್ಲಾ ಅಂತ ಕೂಗಿ ಕೇಳಿದ. ಹೋಗು ಹೋಗು ಅಂದ ಇವನು. ಆಳು ಕಾಣದಾದ. ಕ್ಯಾಮೆರಾ ಟಿಕ್ ಅಂತ ಕಣ್ಣು ತೆರೆಯಿತು... ಒಳಗೆಲ್ಲೋ ದಪ್ ಅಂತ ಮೂಟೆ ಬಿದ್ದ ಸದ್ದು. ಕೇಳಿಸಿತು, ಕೇಳಿಸದೆ ಏನು? ಬೆಳಕು ಹೋಗುತ್ತಿತ್ತು. ಹೊತ್ತು ಪೂರ್ತಿ ಎಣಿಸಿ, ಸಾಮಾನು ಕಟ್ಟಿ ಹೊರಟ.

ಲಿಫ್ಟಿಗೆಂದು ಬಿಟ್ಟ ಗುಂಡಿಗೆ ಇನ್ನೂ ಬಾಗಿಲಿಟ್ಟಿರಲಿಲ್ಲ. ಹೆಣ ಸಿಕ್ಕಿದ್ದು ಬೆಳಗ್ಗೆ. ಕೆಲಸ ಬಿಟ್ಟು ಕುಡಿದು ಬಿದ್ದ ಅಂದ ಮೇಸ್ತ್ರಿ. ಎಲ್ಲರೂ ನಂಬಿದರು. ಹೆಂಡತಿಗೂ ಅದನ್ನೇ ಹೇಳಿದರು. ನಿಜ ಬಲ್ಲವನು ಇವನೊಬ್ಬನೇ, ಬಾಯಿಗೆ ಬೀಗ ಹಾಕಿಕೊಂಡ. ಆ ರೀಲು ತೊಳೆಯಲೂ ಕೈ ಬರಲಿಲ್ಲ.

ಚರ್... ಚಪ್ಪಲಿ ಸದ್ದು ಹಿಂದಕ್ಕೆ ಸರಿಯಿತು. ಬಾವಿಯತ್ತ.

"ಹೋಗ್ಲಾ, ಸಾರ್?"

"ಬೇಡಪ್ಪಾ... ಸಾಕು. ಮುಂದೆ ಬಾ."

ಸದ್ದು ನಿಂತುಹೋಯಿತು.

ಮನೆಗೆ ಬಂದವನೇ ಬಚ್ಚಲಲ್ಲಿ ಕತ್ತಲೆ ಮಾಡಿಕೊಂಡು ರೀಲು ತೊಳೆದ, ಪ್ರಿಂಟ್ ಹಾಕಿದ. ಖಾಲಿ ಕಟ್ಟಡ ಮೂಡಬೇಕಿತ್ತು. ಕಟ್ಟಡವೇ ಇಲ್ಲ. ಲೆನ್ಸಿಗೆ ಎದೆ ಕೊಟ್ಟು ನಿಂತ ಒಂದು ಅಂಗಿ. ಕಿಸೆ, ಗುಂಡಿ, ಅಲ್ಲಲ್ಲಿ ಬಿಳಿ ಬಣ್ಣದ ಕಲೆ. ಒಂದಿಷ್ಟೂ ಅಲುಗಿಲ್ಲ.

ಮರುದಿನ ಸತ್ತವನ ಹೆಂಡತಿಯ ಮನೆಗೆ ಹೋದ. ಧೈರ್ಯಕ್ಕೆ ನಾನೇ ಬೇಕಾಯಿತು, ಜೊತೆಗೆ ಹೋದೆ. ಫೋಟೋ ಕೈಗಿಟ್ಟು ತಲೆ ತಗ್ಗಿಸಿದ. ಅವಳು ಗಂಡನ ಅಂಗಿ ಗುರುತು ಹಿಡಿದಳು. ಅದರ ಮೇಲೆ ನಿಧಾನಕ್ಕೆ ಬೆರಳಾಡಿಸಿದಳು.

"ಕುಡಿದಿರಲಿಲ್ಲ ಅಲ್ವಾ, ಅಣ್ಣ?"

"ಇಲ್ಲಮ್ಮ. ಕೆಲಸದಲ್ಲಿದ್ದ. ಹಿಂದೆ ಹೋಗು ಅಂದಿದ್ದು ನಾನೇ. ಬಿದ್ದ ಸದ್ದೂ ಕೇಳಿಸಿತ್ತು."

ಬೈಯುತ್ತಾಳೆ ಅಂದುಕೊಂಡೆವು. ಬೈಯಲಿಲ್ಲ. ಬೆರಳನ್ನು ಬಾಗಿಲ ಬೆಳಕಿಗೆ ಹಿಡಿದಳು.

ಒಂದಕ್ಷರ ಸುಳ್ಳು ಹೇಳುತ್ತಿಲ್ಲ, ಪಕ್ಕದಲ್ಲೇ ನಿಂತಿದ್ದೆ. ಬೆರಳ ತುದಿಯಲ್ಲಿ ಬಿಳಿ ಬಣ್ಣ ಹತ್ತಿತ್ತು. ಇನ್ನೂ ಹಸಿ.