ಲೈಲ್ ಬರೆಯದ ಸಾಲುಗಳು

ಶುಕ್ರವಾರ ಸಂಜೆ ಹಿಡಿದ ಮಳೆ ಶನಿವಾರ ಮಧ್ಯಾಹ್ನವಾದರೂ ಬಿಟ್ಟಿರಲಿಲ್ಲ. ಅಮೆರಿಕದ ಕೆಂಟಕಿಯಲ್ಲಿ ಗುಹೆ ಇಳಿಯುವವರಿಗೆ ಮಳೆ ಎಂದರೆ ಕಡ್ಡಾಯ ರಜೆ. ಮೇಲೆ ಬಿದ್ದ ನೀರು ಒಳಗೆ ಯಾವ ಬಿರುಕಿನಿಂದ ನುಗ್ಗುತ್ತದೆಂದು ಹೇಳಬಲ್ಲವರಿಲ್ಲ. ನಾವು ಐದು ಜನ ನಮ್ಮ ಗುಹೆ ಸಂಘದ ಹಳೆಯ ಮರದ ಮನೆಯಲ್ಲಿ, ಕಬ್ಬಿಣದ ಒಲೆಯ ಸುತ್ತ ಒದ್ದೆ ಬೂಟುಗಳನ್ನು ಒಣಗಲಿಟ್ಟು, ಬೀನ್ಸ್ ಸಾರಿಗೆ ಮೆಕ್ಕೆಜೋಳದ ಬ್ರೆಡ್ಡನ್ನು ಅದ್ದಿಕೊಂಡು ತಿನ್ನುತ್ತ ಕೂತಿದ್ದೆವು. ಜೊತೆಗೆ ವರ್ನಾ ಟ್ಯಾಕೆಟ್ ಇದ್ದರು. ಎಪ್ಪತ್ತೊಂಬತ್ತು ವರ್ಷ. ಈ ಸುತ್ತಿನ ಅರ್ಧ ಗುಹೆಗಳ ನಕ್ಷೆ ಬರೆದ ಕೈ ಅವರದು. ಈಗ ಇಳಿಯುವುದಿಲ್ಲ, ನಾವು ಒಳಗಿರುವಾಗ ಮೇಲೆ ಗಡಿಯಾರ ನೋಡುತ್ತ ಕೂರುತ್ತಾರೆ, ಹೊತ್ತು ಮೀರಿದರೆ ಸಹಾಯಕ್ಕೆ ಫೋನು ಮಾಡುತ್ತಾರೆ.

ಮೂಲೆಯಲ್ಲಿ ಟ್ರೆವಾ ಲ್ಯಾಪ್‌ಟಾಪ್ ಬಿಚ್ಚಿಕೊಂಡಿದ್ದಳು. ಆಸ್ಪತ್ರೆಯ ನರ್ಸ್ ಅವಳು. ಬಿಡುವಾದಾಗ ಹಳೆಯ ಕಾಲದ ಅಕ್ಷರದಾಟವೊಂದನ್ನು ತಾನೇ ಬರೆಯುತ್ತಿದ್ದಳು. ಚಿತ್ರವಿಲ್ಲ, ಸದ್ದಿಲ್ಲ. "ನೀನು ಗುಹೆಯ ಬಾಯಲ್ಲಿ ನಿಂತಿದ್ದೀಯ" ಎಂದು ಪರದೆ ಹೇಳುತ್ತದೆ. "ಒಳಗೆ ಹೋಗು" ಎಂದು ನಾವು ಟೈಪು ಮಾಡಿದರೆ ಅಲ್ಲಿ ಏನಿದೆ ಎಂಬುದನ್ನೂ ಅದೇ ಹೇಳುತ್ತದೆ. ಒಬ್ಬೊಬ್ಬರಾಗಿ ನಾವೂ ಹೋಗಿ ಆಡಿ ನೋಡಿ ನಗುತ್ತಿದ್ದೆವು.

"ಅದರಲ್ಲಿ ಸತ್ತೋರು ಯಾರಾದ್ರೂ ಇದ್ದಾರೇನೇ?" ಎಂದು ವರ್ನಾ ಕೇಳಿದರು.

"ಒಂದು ಅಸ್ಥಿಪಂಜರ ಇಟ್ಟಿದೀನಿ ಅಜ್ಜಿ. ಅದಿಲ್ದೆ ಏನು ಮಜಾ?"

ವರ್ನಾ ಬಾಯಲ್ಲಿದ್ದ ತುತ್ತನ್ನು ಕಾಗದಕ್ಕೆ ಉಗಿದು ತಟ್ಟೆ ಕೆಳಗಿಟ್ಟರು. "ಯಾರ ಮೂಳೆ?"

"ಯಾರದೂ ಅಲ್ಲ. ಸುಮ್ನೆ..."

"ಯಾರದೂ ಅಲ್ಲದ ಮೂಳೆ ಲೋಕದಲ್ಲಿ ಎಲ್ಲಿದೆಯೇ ಹುಡುಗಿ?" ಎಂದರು. ಆಮೇಲೆ ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡು ಶುರುಮಾಡಿದರು.

"ಕೇಳಿ ಹಾಗಾದ್ರೆ. ಭಯಪಡಿಸೋಕೆ ಹೇಳ್ತಿಲ್ಲ ನಾನು. ನನಗೆ ಇದರಲ್ಲಿ ಭಯ ಯಾವತ್ತೋ ಸತ್ತುಹೋಯ್ತು... ಉಳಿದಿರೋದು ಹೇಸಿಗೆ ಒಂದೇ.

"ಎಪ್ಪತ್ತೊಂಬತ್ತನೇ ಇಸವಿ, ನವೆಂಬರ್ ತಿಂಗಳು. ನಾವು ಮೂವರು ಜೊತೆಗಾರರು. ನಾನು, ಲೈಲ್ ಪ್ರುಯಿಟ್, ವಿದ್ಯುತ್ ಸಹಕಾರ ಸಂಘದ ಆಫೀಸಲ್ಲಿ ಬಿಲ್ ಮಾಡೋ ಕಂಪ್ಯೂಟರ್ ನೋಡ್ಕೊಳ್ಳೋನು, ಇನ್ನೊಬ್ಬ ಡೆಲ್ಬರ್ಟ್ ಸ್ಕ್ಯಾಗ್ಸ್, ಡೈರಿಯ ಹಾಲಿನ ಲಾರಿ ಓಡಿಸ್ತಿದ್ದ. ಸಣಕಲ ಡೆಲ್ಬರ್ಟ್, ಎಂಥ ಸಂದಿಗಾದ್ರೂ ತೂರೋನು. ಹೊಸ ಗುಹೆ ಒಂದು ಸಿಕ್ಕಿತ್ತು ನಮಗೆ, ಒಬ್ಬ ರೈತನ ಹುಲ್ಲುಗಾವಲಿನ ಕೆಳಗೆ. ನಾನು ಅಳತೆ ಬರ್ಕೊಳ್ತಿದ್ದೆ. ಕೊನೇಲೊಂದು ಸಂದಿ, ಎದೆ ಒತ್ತೋ ಅಷ್ಟು ಇಕ್ಕಟ್ಟು. ಡೆಲ್ಬರ್ಟ್ ಆಚೆಗೆ ಹೋಗಿ ನೋಡ್ಕೊಂಡು, ವಾಪಸ್ ಬರೋವಾಗ, ತಲೆ ನಮ್ಮ ಕಡೆ, ಒಂದು ಕೈ ಈಚೆ... ಅಲ್ಲೇ ಸಿಕ್ಕಿಹಾಕ್ಕೊಂಡ. ನಾವು ಎಳೆದ್ವಿ. ಸೋಪಿನ ನೀರು ಸುರಿದು ಎಳೆದ್ವಿ. ಅವನು ನಗ್ತಿದ್ದ ಕಣ್ರೋ, 'ಓಲೀಟಾ ಮಾಡೋ ಸಿಹಿ ಪೈ ತಿಂದು ತಿಂದು ಹೀಗಾಯ್ತು' ಅಂತ. ಓಲೀಟಾ ಅವನ ಹೆಂಡತಿ.

"ಆಗ ನೀರು ಬರೋಕೆ ಶುರುವಾಯ್ತು. ಮೇಲೆ ಮಳೆ ಬಿದ್ದದ್ದು ನಮಗೇನು ಗೊತ್ತು? ಆಗ ನಮ್ಮ ಹತ್ತಿರ ಇದ್ದದ್ದು ಕಾರ್ಬೈಡ್ ದೀಪ, ಬೆಳ್ಳುಳ್ಳಿ ಕೊಳೆತ ಹಾಗೆ ನಾತ ಹೊಡೆಯೋದು. ನನ್ನದು, ಲೈಲನದು, ಎರಡೂ ನೀರಲ್ಲಿ ಆರಿಹೋದವು, ಮತ್ತೆ ಹತ್ತಲಿಲ್ಲ. ಉರೀತಿದ್ದದ್ದು ಡೆಲ್ಬರ್ಟ್‌ದು ಒಂದೇ, ಅವನ ಕೈ ಹತ್ತಿರ ಬಂಡೆ ಮೇಲೆ ಇಟ್ಕೊಂಡಿದ್ದ. 'ಸಹಾಯ ಕರ್ಕೊಂಡು ಬರ್ತೀವಿ' ಅಂದ ಲೈಲ್, ಅಂದವನೇ ಆ ದೀಪ ಎತ್ಕೊಂಡ.

"'ದೀಪ ಇಟ್ಟು ಹೋಗೋ ಲೈಲ್' ಅಂದ ಡೆಲ್ಬರ್ಟ್. 'ನೀವು ಇಬ್ಬರಿದ್ದೀರಿ, ಗೋಡೆ ತಡವ್ಕೊಂಡಾದ್ರೂ ಹೋಗ್ತೀರಿ. ನಿಧಾನಕ್ಕೆ ಬನ್ನಿ ಬೇಕಾದ್ರೆ. ದೀಪ ಮಾತ್ರ ಇಟ್ಟು ಹೋಗೋ.'

"ಲೈಲ್ ಇಡಲಿಲ್ಲ. ನಾನು ಇಡು ಅನ್ನಲಿಲ್ಲ. ಅರ್ಥವಾಯ್ತಾ? ನಾನು... ಅನ್ನಲಿಲ್ಲ."

ಒಲೆಯೊಳಗೆ ಕಟ್ಟಿಗೆಯೊಂದು ಕುಸಿಯಿತು. ಯಾರೂ ಎದ್ದು ಸರಿಪಡಿಸಲಿಲ್ಲ.

"ಮೇಲೆ ಬಂದಾಗ ಷೆರೀಫ್ ಕೇಳಿದ, 'ಅವನೊಬ್ಬನ್ನೇ ಬಿಟ್ಟು ಯಾಕೆ ಬಂದ್ರಿ?' ಲೈಲ್ ಕಣ್ಣು ಮಿಟುಕಿಸದೆ ಹೇಳಿದ: 'ಉಸಿರು ನಿಂತ ಮೇಲೇ ಬಂದ್ವಿ.' ಷೆರೀಫ್ ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ. ಸತ್ತವನಿಗೋಸ್ಕರ ಯಾರಾದ್ರೂ ಅವಸರ ಮಾಡ್ತಾರಾ? ಪಂಪು ತರಿಸ್ತಾರಾ, ಬಂಡೆ ಕೊರೀತಾರಾ? ನೀರು ಇಳೀಲಿ ಅಂತ ಕಾದ್ರು. ಮೂರನೇ ದಿನ ಇಳಿದು ನೋಡಿದವರು ಮೇಲೆ ಬಂದು ವಾಂತಿ ಮಾಡ್ಕೊಂಡ್ರು... ಡೆಲ್ಬರ್ಟನ ಈಚೆ ಕೈಯ ಉಗುರೆಲ್ಲ ಸವೆದು ಹೋಗಿತ್ತಂತೆ, ಮಾಂಸದ ತನಕ. ಹೆಣ ತೆಗೆಯೋಕೆ ಆಗಲ್ಲ ಅಂತ ಗುಹೆ ಬಾಯಿಗೆ ಕಾಂಕ್ರೀಟ್ ಸುರಿದ್ರು. ಆ ಉಗುರಿನ ವಿಷಯ ಓಲೀಟಾಗೆ ಯಾರೂ ಹೇಳಲಿಲ್ಲ.

"ಎರಡು ವರ್ಷ ಆಯ್ತು. ಲೈಲ್ ಮನೆಗೊಂದು ಕಂಪ್ಯೂಟರ್ ತಂದ. ಟೀವಿಗೆ ಜೋಡಿಸೋದು, ಪ್ರೋಗ್ರಾಮೆಲ್ಲ ಹಾಡಿನ ಕ್ಯಾಸೆಟ್ಟಿನ ಮೇಲೇ. ಒಂದು ಭಾನುವಾರ ಬಂದ: 'ವರ್ನಾ, ನಿನ್ನ ಅಳತೆ ಪುಸ್ತಕ ಕೊಡು, ಒಂದು ಆಟ ಬರೀತೀನಿ.' ಕೊಟ್ಟೆ. ಕೊಟ್ಟಿದ್ದಷ್ಟೇ ಅಲ್ಲ, ಪಕ್ಕದಲ್ಲಿ ಕೂತು ಬರೆಸಿದೆ. ಇಪ್ಪತ್ತಮೂರು ಜಾಗ, ಅರ್ಧ ಗಂಟೆಗೆ ಮುಗಿಯೋ ಪುಟ್ಟ ಆಟ. ಎರಡು ಪದದ ಅಪ್ಪಣೆ ಮಾತ್ರ ಅರ್ಥವಾಗೋದು ಅದಕ್ಕೆ, 'ಹಗ್ಗ ಎಳೆ', 'ಪೂರ್ವಕ್ಕೆ ಹೋಗು', ಈ ಥರ, ಅಷ್ಟೇ. ಬೇರೇನು ಹೊಡೆದ್ರೂ 'ನನಗೆ ಅರ್ಥವಾಗಲಿಲ್ಲ' ಅನ್ನೋದು. ಸುಳ್ಳು ಯಾಕೆ ಹೇಳಲಿ, ಖುಷಿಯಾಗ್ತಿತ್ತು. ನಾವು ನಡೆದ ಗುಹೇಲಿ ಒಣಬಟ್ಟೆ ಉಟ್ಕೊಂಡು, ಕಾಫಿ ಕುಡ್ಕೊಂಡು ನಡೆಯೋದು!

"ಆ ಸಂದಿ ಬರೆದದ್ದು ಮಾತ್ರ ನಾನಿಲ್ಲದಾಗ. ಆಟ ಮುಗಿದ ಮೇಲೆ ತೋರಿಸಿದ. ಪರದೆ ಮೇಲೆ ಏನಿತ್ತು ಗೊತ್ತಾ? 'ಇಲ್ಲೊಂದು ಹೆಣ ಸಿಕ್ಕಿಕೊಂಡಿದೆ. ಅದರ ಕೈಯಲ್ಲಿ ದೀಪವಿದೆ.' ಆ ದೀಪ ಕಿತ್ಕೊಂಡ್ರೆ ಹತ್ತು ಅಂಕ. ಜೋರಾಗಿ ಎಳೆದ್ರೆ ತೋಳು ಕಿತ್ತು ಬರುತ್ತೆ... ಅದಕ್ಕೊಂದು ನಗೆಮಾತು ಬೇರೆ ಬರೆದಿದ್ದ.

"'ಲೈಲ್, ದೀಪ ಅವನ ಕೈಲಿ ಇರಲಿಲ್ಲ' ಅಂದೆ.

"'ಆಟ ಕಣೇ, ಅಷ್ಟು ತಲೆಗೆ ಹಚ್ಕೋಬೇಡ' ಅಂದ. ಅವನ ತುಟಿ ಅಂಚಲ್ಲಿ ಹುರಿದ ಕೋಳಿಯ ಜಿಡ್ಡಿತ್ತು. ಅದನ್ನ ನೋಡಲಾರದೆ ಮುಖ ತಿರುಗಿಸಿದೆ. ಆದ್ರೂ ಬಾಯಿ ಬಿಡಲಿಲ್ಲ ನಾನು. ಬಿಟ್ಟಿದ್ರೆ ನನ್ನದೂ ಹೊರಗೆ ಬರ್ತಿತ್ತಲ್ಲ?

"ಕ್ಯಾಸೆಟ್ಟನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನನ್ನ ನಕ್ಷೆಯ ಪ್ರತಿ ಇಟ್ಟು, ದುಡ್ಡು ಕಳಿಸಿದವರಿಗೆ ಅಂಚೆಯಲ್ಲಿ ಕಳಿಸೋನು. ಒಂದೆರಡು ತಿಂಗಳಿಗೆ ಕಾಗದ ಬರೋಕೆ ಶುರುವಾದವು. ಒಬ್ಬ ಓಹಾಯೋದವನು, ಒಬ್ಬಳು ಆರೆಗನ್‌ನವಳು, ಒಬ್ಬರಿಗೊಬ್ಬರು ಗುರುತಿಲ್ಲ... ಎಲ್ಲರದೂ ಒಂದೇ ಪ್ರಶ್ನೆ. 'ಹೆಣದ ಹತ್ತಿರ ದೀಪ ತಗೋ ಅಂದಾಗ, ದೀಪ ಇಟ್ಟು ಹೋಗೋ ಲೈಲ್ ಅನ್ನುತ್ತೆ. ಅದಕ್ಕೆ ಸರಿಯಾದ ಉತ್ತರ ಏನು? ಲೈಲ್ ಅಂದ್ರೆ ಯಾರು?'

"ಲೈಲ್ ನನ್ನ ಮನೆಗೆ ನುಗ್ಗಿದ. 'ನೀನೇ ಸೇರಿಸಿದ್ದು! ನಿನ್ನನ್ನ ಬಿಟ್ಟು ಆ ಮಾತು ಯಾರಿಗೆ ಗೊತ್ತು?'

"'ನನಗೆ ಟೈಪಿಂಗೇ ಬರಲ್ಲ ಕಣೋ, ಕತ್ತೆ' ಅಂದೆ.

"ಇಬ್ಬರೂ ಅವನ ಮನೆಗೆ ಹೋಗಿ ಪ್ರೋಗ್ರಾಮನ್ನ ಸಾಲು ಸಾಲಾಗಿ ಓದಿದ್ವಿ. ಆ ಮಾತು ಎಲ್ಲೂ ಇಲ್ಲ. ಆಮೇಲೆ ಆಡಿದ್ವಿ. ಹಾಡುಹಗಲು, ಚರ್ಚು ಮುಗಿಸಿ ಬಂದ ಹೊತ್ತು. ಸಂದಿಗೆ ಬಂದ್ವಿ. ಲೈಲ್ 'ದೀಪ ತಗೋ' ಅಂತ ಹೊಡೆದ.

"'ಅದು ನಿನ್ನ ಹತ್ತಿರವೇ ಇದೆ' ಅಂತ ಬಂತು.

"ರೂಮಿಡೀ ಕೊಳೆತ ಬೆಳ್ಳುಳ್ಳಿ ನಾತ. ಕೀಲಿಮಣೆಯ ಸಂದಿನಿಂದ ಆ ಗುಹೆಯದೇ ಹಳದಿ ಜೇಡಿಮಣ್ಣು ಉಕ್ಕಿ ಬರ್ತಿತ್ತು, ತಣ್ಣಗೆ, ಕೀವಿನ ಹಾಗೆ. ಲೈಲ್ ಅದನ್ನ ಚಮಚದಿಂದ ಕೆರೆದು ಹಾಕ್ತಾ ಕೂತಿದ್ದ. ನಾನು ಹೊರಗೆ ಓಡಿ ಮೆಟ್ಟಿಲ ಮೇಲೆ ಕಾರ್ಕೊಂಡೆ. ಈಗ ಸುಟ್ಟು ಹಾಕ್ತಾನೆ ಎಲ್ಲಾನೂ ಅಂದ್ಕೊಂಡೆ. ನೀವಾಗಿದ್ರೆ ಸುಡ್ತಿರಲಿಲ್ವಾ? ಅವನೇನು ಮಾಡಿದ ಹೇಳಲಾ? ಚೀಲದ ಚೀಟಿಯನ್ನ ಹೊಸದಾಗಿ ಅಚ್ಚು ಹಾಕಿಸಿದ. 'ಸತ್ತವನು ಮಾತಾಡುವ ಆಟ! ಬರೆದವನಿಗೂ ಗೊತ್ತಿಲ್ಲದ ಗುಟ್ಟು!' ಅಂತ ದಪ್ಪಕ್ಷರದಲ್ಲಿ. ಹೆಚ್ಚು ಹೆಚ್ಚು ಹೋಗ್ತಿತ್ತು ಆಟ. ದೆವ್ವಕ್ಕಿಂತ ಹೇಸಿಗೆ ಇನ್ನೊಂದಿದೆ ಅಂತ ನನಗೆ ಅವತ್ತು ಗೊತ್ತಾಯ್ತು... ಆ ಹೇಸಿಗೆಗೆ ನಕ್ಷೆ ಬರ್ಕೊಟ್ಟೋಳು ನಾನು.

"ಓಲೀಟಾ ಕೆಲಸ ಮಾಡ್ತಿದ್ದದ್ದು ನಮ್ಮೂರ ಅಂಚೆ ಕಚೇರೀಲಿ. ಅಷ್ಟೂ ಕಟ್ಟುಗಳಿಗೆ ಮುದ್ರೆ ಒತ್ತಿದ್ದು ಅವಳ ಕೈ, ಒಳಗೇನಿದೆ ಗೊತ್ತಿಲ್ಲದೆ. ವಿಳಾಸ ತಪ್ಪಿ ಒಂದು ವಾಪಸ್ ಬಂತು, ಹರಿದಿತ್ತು, ಚೀಟಿ ಓದಿದಳು, ನಕ್ಷೆ ನೋಡಿದಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನೆಟ್ಟಗೆ ಲೈಲನ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ, ಮಾರಬೇಡ ಅಂತ ಬೇಡ್ಕೊಳ್ಳೋಕೆ ಹೋದೋಳು. 'ನನ್ನ ಗಂಡನ ಹತ್ತಿರ ಮಾತಾಡ್ಬೇಕು' ಅಂದಳು, ಫೋನಿಗೆ ಕರೀರಿ ಅನ್ನೋ ಹಾಗೆ. ಲೈಲ್ ಅಡ್ಡ ನಿಂತ. ಅವನನ್ನ ಸರಿಸಿ ಹೋಗಿ ಕೂತಳು.

"ಎರಡೇ ಪದ ಹೊಡೀಬೇಕು ಅಂತ ಅವಳಿಗೇನು ಗೊತ್ತು? ಕಾಗದ ಬರೆದ ಹಾಗೆ ಬರೆದಳು. 'ಡೆಲ್, ನಾನು ಓಲೀಟಾ. ಇವರು ಬಿಟ್ಟು ಹೋದಾಗ ನೀನು ಬದುಕಿದ್ದೆಯಾ?'

"ಅರ್ಥವಾಗಲಿಲ್ಲ ಅನ್ನಲಿಲ್ಲ ಆ ಯಂತ್ರ. 'ಹೌದು' ಅಂತು.

"'ಎಷ್ಟು ಹೊತ್ತು?'

"'ಕತ್ತಲೆಯಲ್ಲಿ ಗೊತ್ತಾಗಲಿಲ್ಲ. ನಿನ್ನನ್ನು ಎರಡು ಸಲ ಕನಸಿನಲ್ಲಿ ಕಂಡೆ. ಎರಡು ರಾತ್ರಿ ಇರಬೇಕು.'

"ಅವಳು ಅಳಲಿಲ್ಲ. ಬೈಯಲಿಲ್ಲ. ಎದ್ದು ಬಂದಳು, ಬೆರಳಿಗೆಲ್ಲ ಆ ಹಳದಿ ಜೇಡಿ. ನನ್ನ ಎದುರಿಗೆ ನಿಂತು, ನನ್ನ ಬಿಳೀ ಬ್ಲೌಸಿಗೆ ಎರಡೂ ಕೈ ಒರೆಸ್ಕೊಂಡಳು. ನಿಧಾನಕ್ಕೆ, ಒಂದೊಂದೇ ಬೆರಳು. ಕಾಲೊರಸಿಗೆ ಒರೆಸೋ ಹಾಗೆ. 'ಅವನು ಹೇಗಿದ್ರೂ ಲೈಲ್ ಪ್ರುಯಿಟ್ಟು, ಅವನಿಂದ ಇನ್ನೇನು ಬರುತ್ತೆ. ನೀನು ನನ್ನ ಮದುವೇಲಿ ಗೆಳತಿಯಾಗಿ ಪಕ್ಕದಲ್ಲಿ ನಿಂತಿದ್ದೋಳು ವರ್ನಾ' ಅಂದಳು. ಅಷ್ಟೇ. ಆ ತಿಂಗಳೇ ಊರು ಬಿಟ್ಟು ಟೆನೆಸಿಗೆ ಹೋದಳು. ಷೆರೀಫ್ ಹತ್ತಿರ ಹೋಗಿದ್ರೆ ನನಗೆ ಎಷ್ಟೋ ಹಗುರ ಆಗ್ತಿತ್ತು... ಹೋಗಲಿಲ್ಲ. ನಮ್ಮನ್ನ ಮುಟ್ಟೋಕೂ ಅಸಹ್ಯ ಅವಳಿಗೆ.

"ಆಮೇಲೆ ಲೈಲ್ ಕೆಲಸಕ್ಕೆ ಹೋಗೋದು ಬಿಟ್ಟ. ಆಟ ಆಡ್ತಾ ಕೂತ. ಆ ಸಂದಿ ದಾಟೋಕೆ ಒಂದು ಮಾತು ಇರಲೇಬೇಕು ಅಂತ ಹುಡುಕ್ತಿದ್ದ. 'ಕ್ಷಮಿಸು' ಅಂತ ಹೊಡೆದ್ರೆ 'ನನಗೆ ಅರ್ಥವಾಗಲಿಲ್ಲ' ಅನ್ನೋದಂತೆ. ನನಗೆ ಫೋನು ಮಾಡಿ ಹೇಳಿ ಅತ್ತ. ಅವನ ಅಳು ಕೇಳೋಕೂ ಹೇಸಿಗೆ, ಫೋನಿಟ್ಟೆ. ವಾರ ಕಳೀತು. ಪಕ್ಕದ ಮನೆಯವರು ನಾತ ಅಂದ್ರು. ಮನೆ ಒಳಗೆಲ್ಲ ಹುಡುಕಿದ್ರು, ಇಲ್ಲ. ನಾಯಿ ಒಂದು ನೆಲಹಾಸಿನ ಮೇಲೆ ನಿಂತು ಬೊಗಳ್ತಿತ್ತು.

"ಮನೆ ನೆಲದ ಹಲಗೆಗೂ ಮಣ್ಣಿಗೂ ಮಧ್ಯೆ ಜಾಗ ಇರುತ್ತಲ್ಲ, ಪೈಪು ಹಾಯಿಸೋಕೆ, ತೆವಳ್ಕೊಂಡು ಹೋಗೋ ಅಷ್ಟು? ಅಲ್ಲಿ ತೊಲೆಯ ಕೆಳಗೆ ಸಿಕ್ಕಿಕೊಂಡು ಸತ್ತಿದ್ದ. ಕೈಯಲ್ಲಿ ಡೆಲ್ಬರ್ಟ್‌ನ ದೀಪ. ಕೊಡೋಕೆ ಹೋಗಿದ್ದ ಅನ್ನಿಸುತ್ತೆ... ಯಾರು ಕರೆದ್ರೋ. ಬೇಸಿಗೆ ಅದು, ತಿಂಗಳಿಂದ ಮಳೆ ಇಲ್ಲ, ನೆಲ ಒಣಗಿ ಬಿರುಕು ಬಿಟ್ಟಿತ್ತು. ಅವನ ಬಾಯಿ ತುಂಬ, ಮೂಗಿನ ತುಂಬ ಹಸಿ ಜೇಡಿ. ಡಾಕ್ಟರು ಹೃದಯಾಘಾತ ಅಂತ ಬರೆದ್ರು. ಇನ್ನೇನು ಬರೀತಾರೆ?"

"ಆ ಆಟ ಏನಾಯ್ತು?" ಎಂದು ನಾನು ಕೇಳಿದೆ.

"ಎಲ್ಲಿಗೆ ಹೋಗುತ್ತೆ? ಯಾವನೋ ಹಳೇ ಕ್ಯಾಸೆಟ್ಟು ಹುಡುಕಿ ಇಂಟರ್ನೆಟ್‌ಗೆ ಹಾಕಿದ. ಈಗ ಫೋನಲ್ಲೂ ಆಡಬಹುದಂತೆ. ನಾನು ವರ್ಷಕ್ಕೊಂದು ಸಲ ಲೈಬ್ರರಿಗೆ ಹೋಗಿ ಆ ಸಂದಿಯ ತನಕ ಹೋಗಿ ಬರ್ತೀನಿ. ಲೈಲ್ ಸತ್ತ ಮೇಲೆ ಆ ಹೆಸರು ಹಿಡಿದು ಕರೆಯೋದು ನಿಂತಿದೆ. ಅಲ್ಲಿ ಬರೋದು ಬೇರೆ ಮಾತು. 'ಇಲ್ಲಿ ಇಬ್ಬರಿದ್ದಾರೆ. ಇನ್ನೊಬ್ಬರಿಗೆ ಜಾಗವಿದೆ.'

"ಡೆಲ್ಬರ್ಟ್ ಹತ್ತಿರ ಹೋಗೋಕೆ ನನಗೆ ಹೆದರಿಕೆ ಇಲ್ಲ ಮಕ್ಕಳಾ. ಹೋಗಬೇಕಾದ್ದೇ, ಅವತ್ತೇ ಅಲ್ಲಿ ಉಳೀಬೇಕಿತ್ತು ನಾನು. ಆದ್ರೆ ಆ ಸಂದಿ ಎಷ್ಟು ಅಗಲ ಅಂತ ಅಳೆದೋಳು ನಾನು. ಹನ್ನೊಂದು ಅಂಗುಲ. ಅಷ್ಟರಲ್ಲಿ ಆ ಲೈಲನ ಮೈಗೆ ಮೈ ಒತ್ಕೊಂಡು, ಅವನ ಜಿಡ್ಡು ಬಾಯಿ ನನ್ನ ಕೆನ್ನೆಗೆ ತಾಗ್ತಾ... ಎಷ್ಟು ಕಾಲ? ಯೋಚನೆ ಮಾಡಿದ್ರೆ ಈಗಲೂ ತಿಂದದ್ದು ಮೇಲಕ್ಕೆ ಬರುತ್ತೆ."

ಅವರು ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. ಬಟ್ಟೆಯ ಮೇಲೆ ಉಳಿದದ್ದನ್ನು ಬಿಡಿಸಿ ನೋಡಿ, ನಮಗೂ ಕಾಣುವಂತೆ ಒಲೆಯ ಬೆಳಕಿಗೆ ಹಿಡಿದರು. ಹಸಿ ಜೇಡಿ, ಹಳದಿ ಬಣ್ಣದ್ದು.

"ಮಂಗಳವಾರ ಮತ್ತೆ ಹೋಗಿ ಆಡಿದೆ," ಎಂದರು. "ಜಾಗವಿದೆ ಅನ್ನೋ ಸಾಲು ಈಗ ಇಲ್ಲ. 'ಮೂರನೆಯವಳು ಹೊರಟಿದ್ದಾಳೆ' ಅಂತಿದೆ."