ಗ್ರಹಣದ ದಿನದ ಬದನೆಕಾಯಿ

ಸನ್ಮಾನ್ಯ ಅಧ್ಯಕ್ಷರಾದ ದೊಡ್ಡಬಸವರಾಜ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಮಧ್ಯಾಹ್ನದಿಂದ ಈ ಸೆಕೆಯಲ್ಲಿ ಬೆವರುತ್ತ ಕೂತಿರುವ ಕುರುಗೋಡಿನ ಸಭಿಕರೇ,

ಈಗಷ್ಟೇ ಶಾಲು ಹೊದಿಸಿ, ‘ಸೌಂದರ್ಯ ದೊಡ್ಡ ವಿಜ್ಞಾನಿ, ನಮ್ಮ ಸೊಸೆಯ ತಂಗಿ’ ಎಂದು ಅಧ್ಯಕ್ಷರು ಹೆಮ್ಮೆಪಟ್ಟರು. ಯಾವ ಸೊಸೆ? ಐದು ವರ್ಷದ ಹಿಂದೆ ಕೂಸಿನ ಸಮೇತ ತವರೂರು ದೇಶನೂರಿಗೆ ಅಟ್ಟಿದಿರಲ್ಲ, ಆ ಸೊಸೆಯೇ? ಇರಲಿ. ನನಗೆ ಕೊಟ್ಟ ವಿಷಯ ಜೀನೋಮಿನ ಮಡಿಕೆ, ಅಂದರೆ ಡಿಎನ್‌ಎ ಮಡಿಚಿಕೊಳ್ಳುವ ಬಗೆ. ಅದನ್ನೇ ಹೇಳುತ್ತೇನೆ.

ನಮ್ಮ ಒಂದೊಂದು ಜೀವಕೋಶದಲ್ಲೂ ಆಳುದ್ದದ ಡಿಎನ್‌ಎ ಎಳೆ ಮಡಿಚಿಕೊಂಡು ಕೂತಿದೆ. ಯಾವ ಭಾಗ ಯಾವುದಕ್ಕೆ ತಾಕಿದೆ, ತಿಳಿಯುವುದು ಹೇಗೆ? ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕಿ ಇದ್ದಲ್ಲೇ ಹಿಡಿದು ನಿಲ್ಲಿಸುತ್ತೇವೆ. ಕತ್ತರಿಸಿ, ಪಕ್ಕಪಕ್ಕದ ತುದಿಗಳನ್ನು ಬೆಸೆದು ಓದುತ್ತೇವೆ. ಯಾವ ಜೋಡಿ ಹೆಚ್ಚು ಸಿಕ್ಕಿತೋ ಅವು ನೆರೆಹೊರೆ. ಸಿರುಗುಪ್ಪದ ಭತ್ತದ ಗದ್ದೆಗೆ ಬದು ಇದ್ದ ಹಾಗೆ ಅಲ್ಲೂ ಗಡಿಗಳಿವೆ. ಬದು ಒಡೆದರೆ? ಬೀಜ, ಅಂದರೆ ಜೀನು, ಚೆನ್ನಾಗೇ ಇರುತ್ತದೆ. ಒಬ್ಬರ ನೀರು ಇನ್ನೊಬ್ಬರ ಗದ್ದೆಗೆ ನುಗ್ಗಿ ಬೆಳೆ ಕೆಡುತ್ತದೆ.

ನನ್ನ ಅಕ್ಕ ಗಂಗೋತ್ರಿಯ ಮಗ ಸಮ್ರಾಟ್ ಕೈಬೆರಳು ಕೂಡಿಕೊಂಡೇ ಹುಟ್ಟಿದ. ಮೊದಲ ಪರೀಕ್ಷೆಯಲ್ಲಿ ‘ಜೀನುಗಳಲ್ಲಿ ದೋಷವಿಲ್ಲ’ ಎಂದು ಬಂತು. ಸಂತೋಷಪಡಬೇಕಲ್ಲ? ಇವರ ಮನೆಯಲ್ಲಿ ಅದೇ ಅಕ್ಕನ ವಿರುದ್ಧ ಸಾಕ್ಷಿಯಾಯಿತು! ‘ನಮ್ಮ ರಕ್ತದಾಗ ಏನೂ ಇಲ್ಲಂತ ಡಾಕ್ಟ್ರೇ ಹೇಳ್ಯಾರ. ಗ್ರಹಣದಾಗ ಬದನಿಕಾಯಿ ಹೆಚ್ಚಿದಾಕಿ ಈಕಿ. ತಾ ಮಾಡಿದ್ದು ತಾ ಉಣಲಿ!’ ಹಿಂಗ ಅಂದವರು ಯಾರು, ಗೊತ್ತೇನ್ರಿ? ಈ ಕಾಲೇಜಿಗೆ ವಿಜ್ಞಾನದ ಕಟ್ಟಡ ಕಟ್ಟಿಸಿಕೊಟ್ಟ ನಮ್ಮ ಅಧ್ಯಕ್ಷರು! ಚಪ್ಪಾಳಿ ಹೊಡೀರಿ!

ಸಿಟ್ಟು ಬಂದೈತ್ರಿ ನನಗ. ಮಡಿಕೆಯ ಪರೀಕ್ಷೆ ನಾನೇ ಮಾಡಿಸಿದೆ. ಭಾವ ಮನೆಯವರಿಗೆ ಹೇಳದೆ ಬಂದು ರಕ್ತ ಕೊಟ್ಟರು. ಜೀನುಗಳು ಸರಿಯಾಗಿದ್ದವು, ಎರಡರ ನಡುವಿನ ಬದು ಹಾರಿಹೋಗಿತ್ತು. ಅದು ಬಂದದ್ದು ಅಕ್ಕನಿಂದಲ್ಲ, ಭಾವನಿಂದ; ಅವರ ಬೆರಳಲ್ಲಿ ಮಾತ್ರ ಅದು ಕಾಣಿಸಿಕೊಂಡಿಲ್ಲ. ಭಾವನಿಗೆ ಎಲ್ಲಿಂದ? ಹೇಳಬಾರದು ಅಂತಲೇ ಬಂದಿದ್ದೆ. ಆದರೆ ದೀಪ ಹಚ್ಚುವಾಗ ನಾವೆಲ್ಲ ಬರಿಗಾಲಲ್ಲಿ ನಿಂತೆವು, ಅಧ್ಯಕ್ಷರು ಮಾತ್ರ ಕಾಲುಚೀಲ ತೆಗೆಯಲಿಲ್ಲ. ಯಾಕ ತೆಗಿಯಂಗಿಲ್ಲ ಅಂತ ಅವರ ಮನಿಯಾಗ ಎಲ್ಲಾರಿಗೂ ಗೊತ್ತೈತಿ. ಕಾಲ್ಬೆರಳು ಕೂಡಿದ್ರ ಅವಮಾನ ಏನ್ರಿ, ಮಾವಾರ? ತಮ್ಮದು ಮುಚ್ಚಿಟಗೊಂಡು ಹೆತ್ತಾಕಿ ತಲಿಗಿ ಕಟ್ಟಿದ್ರಲ್ಲ, ಅದು ಅವಮಾನ.

ಅಕ್ಕ ಅಲ್ಲಿ ನಾಲ್ಕನೇ ಸಾಲಿನಾಗ ಕುಂತಾಳ. ನಿಮ್ಮ ಮನಿಗಿ ಬರಾಕ ಆಕಿಗೇನು ಆಸಿ ಇಲ್ಲ. ‘ತಪ್ಪು ನಿಂದಲ್ಲವ್ವ’ ಅಂತ ಊರ ಮುಂದ ಒಂದು ಮಾತು ಬೇಕು, ಅಷ್ಟ.

ಎದ್ದು ಹೋಗದೆ ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ಮೈಕನ್ನು ಅಧ್ಯಕ್ಷರ ಕೈಗೆ ಕೊಡುತ್ತಿದ್ದೇನೆ. ಹಿಡೀರಿ, ಮಾವಾರ. ನಮಸ್ಕಾರ.